ನೀರಿನ ಚೀಲ

ಮಾರ್ಚ್ ೩, ಬೆಳಿಗ್ಗೆ

ಮಗಳು ಮತ್ತೆ ಕತ್ತಲಲ್ಲೇ ಎದ್ದಳು. ಹಾಲು, ತೇಗು, ಡೈಪರ್. ಕಣ್ಣಿಗೆ ಮರಳು ಸುರಿದ ಹಾಗಿದೆ. ತೊಡೆಯ ಮೇಲೆ ತೂಗುತ್ತಾ ಹಾಯಿದೋಣಿಯ ಪಾಠ ನನಗೆ ನಾನೇ ಒಪ್ಪಿಸಿದೆ— ದೋಣಿ ಮಗುಚಿದರೆ ಮೊದಲು ಹಾಯಿಯ ಹಗ್ಗ ಸಡಿಲಿಸು. ಮೂತಿ ಗಾಳಿಗೆ ತಿರುಗಲಿ. ದೋಣಿಯ ಎರಡು ಒಡಲಲ್ಲಿ ನೀರಿನಲ್ಲಿರುವ ಕೆಳಗಿನದರ ಮೇಲೆ ನಿಲ್ಲು, ಮೇಲಿನದಕ್ಕೆ ಕಟ್ಟಿದ ಹಗ್ಗ ಜಗ್ಗಿ ಹಿಂದಕ್ಕೆ ವಾಲು. ಹೀಗೆ ಜೋಡಿ ಒಡಲಿನ ದೋಣಿ, ಕೆಟಮರಾನ್, ನನ್ನೊಬ್ಬಳ ತೂಕಕ್ಕೆ ಏಳುವುದಿಲ್ಲ. ಹೆರಿಗೆಯಾದ ಮೇಲಂತೂ ಕಡ್ಡಿಯಾಗಿದ್ದೇನೆ. ಅದಕ್ಕೇ ದೋಣಿಗೆ ಕಟ್ಟಿಟ್ಟ ಚೀಲ. ನೀರು ತುಂಬಿಸಿ ಬೆನ್ನಿಗೆ ಹಾಕಿಕೊಂಡರೆ ಇನ್ನೊಬ್ಬರು ಜೊತೆಗಿದ್ದ ಹಾಗೆ.

ನಾಳೆ ಒಬ್ಬಳೇ ಹೋಗುತ್ತೇನೆ. ಮಗು ಹುಟ್ಟಿದ ಮೇಲೆ ಮೊದಲ ಸಲ. ಗಂಡನಿಗೆ ಹೇಳಿದಾಗ ಇವನ ಮುಖ ಸಣ್ಣದಾಯಿತು. ಆಮೇಲೆ ನಕ್ಕ. "ಹೋಗು ಹೋಗು. ಇಲ್ಲಾಂದ್ರೆ ಮನೇಲೇ ಬಿರುಗಾಳಿ ಎಬ್ಬಿಸ್ತೀಯ."

ಮಾರ್ಚ್ ೪, ಬೆಳಿಗ್ಗೆ

ಇವನು ಆಗಲೇ ಬೋಟ್ ಶೆಡ್‌ಗೆ ಹೋಗಿ ಬಂದಿದ್ದಾನೆ. "ಎಲ್ಲಾ ನೋಡಿದ್ದೀನಿ. ಧೈರ್ಯವಾಗಿ ಹೋಗು."

ಮತ್ತೆ ನಾನೇನು ನೋಡುವುದು...

ಅದೇ ದಿನ, ಮಧ್ಯಾಹ್ನ

ಸರೋವರದ ನಡುವೆ ಗಾಳಿ ದಿಕ್ಕು ಬದಲಿಸಿತು. ಮಗುಚಿತು. ಹೆದರಲಿಲ್ಲ, ಪಾಠ ಬಾಯಿಗೇ ಬಂತು. ಹಗ್ಗ ಸಡಿಲಿಸಿದೆ, ಒಡಲ ಮೇಲೆ ನಿಂತೆ, ಚೀಲಕ್ಕೆ ಕೈ ಹಾಕಿದೆ— ಕಟ್ಟಿಟ್ಟ ಜಾಗ ಖಾಲಿ. ವಾಲಿದೆ, ಜೋತುಬಿದ್ದೆ. ದೋಣಿ ಒಂಚೂರು ಮಿಸುಕಿ ಮತ್ತೆ ಮಲಗಿತು. ಹಾಯಿಕಂಬದ ತುದಿ ಮುಳುಗತೊಡಗಿತ್ತು. ಎದೆ ಹಾಲು ಕಟ್ಟಿ ಕಲ್ಲಾಗಿತ್ತು. ದೂರದ ದಡದಲ್ಲಿ ಇವನು, ಹೆಗಲ ಮೇಲೆ ಮಗಳು.

ಪ್ಯಾಂಟ್ ಬಿಚ್ಚಿದೆ. ಎರಡೂ ಕಾಲಿನ ತುದಿಗೆ ಗಂಟು, ಒಳಗೆ ನೀರು, ಕತ್ತಿಗೆ ನೇತುಹಾಕಿಕೊಂಡೆ. ಜಾರಿತು. ಮತ್ತೆ ತುಂಬಿಸಿ, ಹಗ್ಗ ಹಿಡಿದು ಹಿಂದಕ್ಕೆ ವಾಲಿದೆ. ಕೊನೆಗೂ ಹಾಯಿ ನೀರು ಬಿಟ್ಟು ಮೇಲೆದ್ದಿತು, ದೋಣಿ ದಢಾರನೆ ನೆಟ್ಟಗಾಯಿತು.

ದಡ ಮುಟ್ಟಿದಾಗ ಶೆಡ್ ಕಾಯುವ ತಾತ ಟವೆಲ್ ಕೊಟ್ಟ. "ಏನಮ್ಮಾ, ಹೋಗುವಾಗ ಪ್ಯಾಂಟ್ ಇತ್ತಲ್ಲ!"

ನಕ್ಕುಬಿಟ್ಟೆ. "ಚೀಲ ಎಲ್ಲಿ ತಾತ?"

"ನಿಮ್ಮೆಜಮಾನ್ರೇ ಬೆಳಿಗ್ಗೆ ಬಿಚ್ಕೊಂಡು ಹೋದ್ರಲ್ಲ. ನೀವೇ ಬೇಡ ಅಂದ್ರಂತೆ."

ಮಾರ್ಚ್ ೫

ಇವನನ್ನೇ ಕೇಳಿದೆ. ಸುಳ್ಳು ಹೇಳಲಿಲ್ಲ. ಹೇಳಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ.

"ಒಂದ್ಸಲ ಮಗುಚಿದ್ರೆ ಈ ದೋಣಿ ಹುಚ್ಚು ನೀನೇ ಬಿಟ್ಬಿಡ್ತೀಯ ಅಂದ್ಕೊಂಡೆ ಕಣೇ. ನಿನ್ನ ಒಳ್ಳೇದಕ್ಕೇ."

"ಮುಳುಗಿದ್ದಿದ್ರೆ?"

"ನಾನಿದ್ನಲ್ಲ. ಮೋಟಾರ್ ಬೋಟ್ ಕಳಿಸ್ತಿದ್ದೆ... ಸ್ವಲ್ಪ ಹೊತ್ತು ನೋಡೋಣ ಅಂತ."

ನೋಡೋಣ ಅಂತ!

ಅಮ್ಮನಿಗೆ ಫೋನ್ ಮಾಡಿದೆ. "ಪಾಪ, ಅಳಿಯಂದ್ರಿಗೂ ಭಯ ಇರುತ್ತಲ್ವೇನೇ. ನೀನಾದ್ರೂ ಎಳೇ ಕೂಸು ಬಿಟ್ಟು..." ಇಟ್ಟುಬಿಟ್ಟೆ.

ಮಾರ್ಚ್ ೧೯, ಮಧ್ಯಾಹ್ನ

ಹೊಸ ಚೀಲ ಹೊಲಿದಿದ್ದೇನೆ. ಹಾಸಿಗೆಯ ಕೆಳಗೆ, ನನ್ನ ಕಡೆ.

ಇವನು ಈಗ ತುಂಬ ಒಳ್ಳೆಯವನು. ಬಾಟಲಿ ಕುದಿಸುತ್ತಾನೆ, ಬಟ್ಟೆ ಮಡಚುತ್ತಾನೆ. ಈಗಷ್ಟೇ ಮಗಳನ್ನು ಮಲಗಿಸಿ ಬಂದು ನನಗೆ ಹೊದಿಕೆ ಎಳೆದ. "ತೊಟ್ಟಿಲ ಕಟಕಟೆ ಚಿಲಕ ಹಾಕಿದ್ದೀನಿ. ಎಲ್ಲಾ ನೋಡಿದ್ದೀನಿ. ನೀನು ಮಲ್ಕೋ."

ಎಂಥಾ ನಿದ್ದೆ ಎಳೆಯುತ್ತಿತ್ತು.

ಎದ್ದು ಹೋಗಿ ನೋಡಿದೆ. ಹಾಕಿತ್ತು. ಬಂದು ಮಲಗಿದೆ. ಮತ್ತೆ ಹೋದೆ. ಹಾಕೇ ಇತ್ತು. ಈಗ ಮತ್ತೆ—