ಸವೆದದ್ದಕ್ಕೆ ಸವೆದದ್ದು ಅಳತೆಯಲ್ಲ

ಗುರುವಾರ, ಮಧ್ಯಾಹ್ನ
ಶೆಡ್ಡಿನಿಂದ

ನಮ್ಮನೆಯವರಿಗೆ,

ಮನೆ ಬಿಟ್ಟು ಹೋದವರನ್ನು ಹೀಗೆ ಕರೆಯಬಹುದೋ ಇಲ್ಲವೋ ನನಗೆ ಗೊತ್ತಿಲ್ಲ. ಬೇರೆ ಯಾವ ರೀತಿಯಲ್ಲೂ ನಿಮ್ಮನ್ನು ಕರೆದು ರೂಢಿಯಿಲ್ಲ, ಆದ್ದರಿಂದ ಸಹಿಸಿಕೊಳ್ಳಿ. ನಿಮ್ಮ ಅಕ್ಕ ಚೆನ್ನಾಗಿದ್ದಾರೆ ಎಂದುಕೊಳ್ಳುತ್ತೇನೆ. ತಮ್ಮ ಬಂದು ಉಳಿದನೆಂದು ಅವರಿಗೆ ಸಂತೋಷ, ಹೋಗುವುದು ಯಾವಾಗಲೋ ಎಂದು ನಿಮ್ಮ ಭಾವನವರಿಗೆ ಚಿಂತೆ. ಅಷ್ಟು ನನಗೆ ಇಲ್ಲಿಂದಲೇ ಕಾಣುತ್ತದೆ.

ವಿಷಯಕ್ಕೆ ಬರುತ್ತೇನೆ. ನೀವು ರಗ್ಗಿನಲ್ಲಿ ಸುತ್ತಿಕೊಂಡು ಹೋದ ಸ್ಟ್ರೇಟ್ ಎಡ್ಜ್ ನನಗೆ ಬೇಕು. ರಗ್ಗು ಬೇಡ, ಹೊದ್ದುಕೊಳ್ಳಿ. ಆ ಕಬ್ಬಿಣದ ಪಟ್ಟಿ ಬೇಕು, ಸೋಮವಾರದೊಳಗೆ ಬೇಕು. ಪಂಪ್ ತಯಾರಿಸುವವರು ರಿಪೇರಿಗೆ ಕೊಟ್ಟ ಹಳೇ ಮಿಲ್ಲಿಂಗ್ ಮಷೀನು ಇನ್ನೂ ಬಿಚ್ಚಿಕೊಂಡು ಬಿದ್ದಿದೆ. ಸೋಮವಾರ ಲಾರಿ ತರುತ್ತಾರಂತೆ. ಸರಿಯಾಗಿದ್ದರೆ ಅವರ ಕಾರ್ಖಾನೆಗೆ, ಇಲ್ಲದಿದ್ದರೆ ಗುಜರಿಗೆ. ಅದು ಗುಜರಿಗೆ ಹೋದರೆ ನಮ್ಮ ಕೈಗೆ ಯಾರೂ ಇನ್ನೊಂದು ಮಷೀನು ಕೊಡುವುದಿಲ್ಲ. ಶೆಡ್ಡಿಗೆ ಬೀಗ ಹಾಕಿ ನಾನು ಯಾರ ಮನೆಗೆ ಹೋಗಲಿ? ನಿಮಗಾದರೆ ಅಕ್ಕ ಇದ್ದಾರೆ.

ಏನಾಯಿತೆಂದು ಹೇಳಿಬಿಡುತ್ತೇನೆ, ನಗಬೇಡಿ. ಟೇಬಲ್ ಜಾರುವುದು ಸ್ಯಾಡಲ್ ಮೇಲೆ, ಎರಡೂ ಸವೆದಿವೆ. ಒಂಚೂರೂ ಸೊಟ್ಟವಿಲ್ಲದ ಆ ಪಟ್ಟಿಗೆ ಗುರುತಿನ ನೀಲಿ ಬಣ್ಣ ಬಳಿದು, ಮೊದಲು ಒಂದರ ಮೇಲೆ, ಆಮೇಲೆ ಇನ್ನೊಂದರ ಮೇಲೆ ಉಜ್ಜಿ, ನೀಲಿ ಹತ್ತಿದ ಉಬ್ಬುಗಳನ್ನು ಹೆರೆದು ಹೆರೆದು ಸಮ ಮಾಡಬೇಕು. ಇದನ್ನು ನಿಮಗೆ ಹೇಳುವುದೆಂದರೆ ಮೀನಿಗೆ ಈಜು ಕಲಿಸಿದಂತೆ. ಆದರೆ ಪಟ್ಟಿ ಅಕ್ಕನ ಮನೆಯಲ್ಲಿ ನಿಮ್ಮ ಮಂಚದ ಕೆಳಗಿತ್ತು. ಕೇಳಿ ತರಿಸಿಕೊಳ್ಳಲು ನನಗೆ ಸೊಕ್ಕು. ಪಕ್ಕದ ಶೆಡ್ಡಿನ ವೆಲ್ಡರ್ ಅಣ್ಣ ಬೇರೆ ಶೆಡ್ಡಿನವರನ್ನು ವಿಚಾರಿಸಿದ. ಅವರಲ್ಲಿದ್ದ ಒಂದೇ ಒಂದು ಪಟ್ಟಿ ಬಿದ್ದು ಬಾಗಿದೆಯಂತೆ. ಮುಳ್ಳಿನಿಂದಲೇ ಮುಳ್ಳು ತೆಗೆದರಾಯಿತು ಎಂದುಕೊಂಡು ನಾನು ಟೇಬಲ್ಲಿಗೇ ನೀಲಿ ಬಳಿದು ಸ್ಯಾಡಲ್ ಮೇಲೆ ಉಜ್ಜಿದೆ.

ನೀಲಿ ಎಷ್ಟು ಚೆನ್ನಾಗಿ ಬಂತು ಗೊತ್ತೇ! ಆ ತುದಿಯಿಂದ ಈ ತುದಿಯವರೆಗೆ ಒತ್ತೊತ್ತಾಗಿ ಚುಕ್ಕಿ. ನೀವು ಮಾಡಿದಾಗಲೂ ಅಷ್ಟು ಬಂದದ್ದಿಲ್ಲ. ಇವರಿಲ್ಲದಿದ್ದರೂ ನಡೆಯುತ್ತದೆ ಎಂದು ಜೋರಾಗಿಯೇ ಅಂದೆ. ಟೇಬಲ್ಲನ್ನು ಮೇಲೆತ್ತಲು ಚೈನ್ ಬ್ಲಾಕಿನ ಸರಪಳಿ ಎಳೆಯುತ್ತಿದ್ದ ವೆಲ್ಡರ್ ಅಣ್ಣ ಕೇಳಿಸದವನ ಹಾಗೆ ಎಳೆಯುತ್ತಲೇ ಇದ್ದ.

ಜೋಡಿಸಿ, ಪಂಪಿನ ಮುಚ್ಚಳ ಒಂದನ್ನು ಕಟ್ ಮಾಡಿ, ಅದರ ಮೇಲೆ ಉಬ್ಬುತಗ್ಗು ಅಳೆಯುವ ಡಯಲ್ ಆಡಿಸಿದೆ. ನಡುವೆ ಉಬ್ಬು, ಎರಡೂ ತುದಿಯಲ್ಲಿ ತಗ್ಗು. ಇನ್ನೊಂದು ಮುಚ್ಚಳ ಹಾಕಿದೆ, ಅದೂ ಹಾಗೆಯೇ. ಮತ್ತೆ ಎಲ್ಲ ಬಿಚ್ಚಿದೆ. ಆಗ ಹೊಳೆಯಿತು ನೋಡಿ ಬುದ್ಧಿ. ಸ್ಯಾಡಲ್ಲಿನ ಬೆನ್ನು ಎಷ್ಟು ಬಾಗಿತ್ತೋ ಟೇಬಲ್ಲಿನ ಹೊಟ್ಟೆಯೂ ಅಷ್ಟೇ ಬಾಗಿತ್ತು. ನಾನು ಕೂತು ಆ ಸೊಟ್ಟಕ್ಕೆ ಈ ಸೊಟ್ಟವನ್ನು ಇನ್ನಷ್ಟು ಅಚ್ಚುಕಟ್ಟಾಗಿ ಹೊಂದಿಸಿದ್ದೆ. ಒಟ್ಟಿಗೇ ಸವೆದವು ಒಂದರ ಮೇಲೊಂದು ಚೆನ್ನಾಗಿಯೇ ಕೂರುತ್ತವೆ, ಮೂರನೆಯದು ಬಂದು ಮುಟ್ಟುವವರೆಗೆ ಸೊಟ್ಟ ಯಾರಿಗೂ ತಿಳಿಯುವುದಿಲ್ಲ. ಗಂಡಹೆಂಡಿರ ಬಗ್ಗೆಯೂ ಇಲ್ಲಿ ಒಂದು ಮಾತು ಬರೆಯಬೇಕೆಂದಿದ್ದೆ. ನಿಮಗೆ ಅಂಥದ್ದು ಆಗಿಬರುವುದಿಲ್ಲ, ಬಿಟ್ಟೆ.

ನಿನ್ನೆ ಪಂಪಿನವರು ಬಂದರು. ಮುಚ್ಚಳವನ್ನು ಕೈಯಲ್ಲಿ ಸವರಿ ನೋಡಿ, ‘ಏನಮ್ಮಾ, ಯಜಮಾನ್ರು ಇದನ್ನ ನೋಡಿದ್ರಾ?’ ಎಂದರು. ನಿಮಗೆ ಜ್ವರ, ಮಲಗಿದ್ದೀರಿ ಎಂದೆ. ‘ಹಾಗಾದ್ರೆ ಅವರು ಏಳೋ ತನಕ ನೀವು ಮುಟ್ಬೇಡಿ, ಇರೋ ಕಬ್ಬಿಣಾನೂ ಹೋಗತ್ತೆ’ ಎಂದು ಹೇಳಿ ಹೋದರು. ಮೈಯೆಲ್ಲ ಉರಿಯಿತು. ಆದರೆ ಅವರ ಮಾತಿನಲ್ಲಿ ಸುಳ್ಳಿಲ್ಲ. ಹೆರೆದಷ್ಟೂ ಅಗಲವಾಗುವ ಸಂದಿಯನ್ನು ಬಿಗಿಮಾಡುವ ಬೆಣೆ ಪೂರ್ತಿ ಒಳಗೆ ಹೋಗಿ ಕೂತಿದೆ. ಇನ್ನೊಂದು ಸುತ್ತು ತಪ್ಪಾಗಿ ಹೆರೆದರೆ ಅದೂ ಸಡಿಲವಾಗುತ್ತದೆ, ಆಮೇಲೆ ನೀವೇ ಬಂದರೂ ಮಾಡುವುದಕ್ಕೇನೂ ಇರುವುದಿಲ್ಲ.

ನಿನ್ನೆಯಿಂದ ಹೆರೆಯುವ ಸ್ಕ್ರೇಪರ್ ಹಿಡಿಯುತ್ತೇನೆ, ಎಲ್ಲಿ ಉಬ್ಬು ಎಲ್ಲಿ ತಗ್ಗು ತಿಳಿಯದೆ ಕೆಳಗಿಡುತ್ತೇನೆ. ಇವತ್ತು ಬೆಳಿಗ್ಗೆ ಸ್ಯಾಡಲ್ ಮೇಲೆ ತಲೆಯಿಟ್ಟು ಅತ್ತೆ. ಹಾಗೇ ಎದ್ದು ಹೋಗಿ ಬಾಗಿಲು ತೆಗೆದರೆ ಹಾಲಿನವನು ನನ್ನ ಹಣೆ ಮೂಗು ಎಲ್ಲ ನೀಲಿಯಾಗಿದ್ದು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ನೀವಿದ್ದಿದ್ದರೆ ನಗುತ್ತಿದ್ದಿರಿ. ನನಗೆ ನಗು ಬರಲಿಲ್ಲ. ಭಯವಾಗುತ್ತಿದೆ, ರೀ. ಇಷ್ಟು ಭಯ ನನಗೆ ಯಾವತ್ತೂ ಆಗಿರಲಿಲ್ಲ.

ಆ ದಿನದ ಮಾತನ್ನೂ ಆಡಿಬಿಡೋಣ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನೀವು ಉಣ್ಣಲೂ ಇಲ್ಲ, ಮಲಗಲೂ ಇಲ್ಲ, ಎದ್ದು ನಡೆದಿರಿ. ನೀವು ಆಗಷ್ಟೇ ಹೆರೆಯಲು ಶುರುಮಾಡಿದ್ದ ಸ್ಯಾಡಲ್ ಮೇಲೆ ನಿಮ್ಮ ಕೈಯ ಸ್ಕ್ರೇಪರ್ ಜಾರಿ ಒಂದು ಆಳವಾದ ಗೀರು ಬಿದ್ದಿತ್ತು. ನೀವು ಟೀ ತರಲು ಹೋದಾಗ ನಾನು ಅದನ್ನು ಸರಿಮಾಡಲು ಕೂತೆ. ಅಷ್ಟರಲ್ಲಿ ನೀವು ಬಂದುಬಿಟ್ಟಿರಿ. ಬೈದಿದ್ದರೆ ನಾನೂ ನಾಲ್ಕು ಮಾತು ಬೈದು ಮುಗಿಸುತ್ತಿದ್ದೆ. ಇನ್ನು ಮೇಲೆ ನೀನೇ ಮಾಡಿಕೋ ಎಂದು ಮೆಲ್ಲಗೆ ಹೇಳಿ ಪಟ್ಟಿಯನ್ನು ಸುತ್ತತೊಡಗಿದಿರಿ. ಹೋಗಿ, ಅದರ ಜೊತೆಗೇ ಸಂಸಾರ ಮಾಡಿ ಎಂದು ನಾನು ಕೂಗಿದ್ದು ನಿಜ. ಬೀದಿಯವರೆಲ್ಲ ಕೇಳಿಸಿಕೊಂಡರು.

ನಿಮ್ಮ ಕೈ ನಡುಗುತ್ತದೆ. ಬರೆದುಬಿಟ್ಟೆ ನೋಡಿ. ನೀವು ಬಾಯಿ ಬಿಟ್ಟು ಹೇಳಲಿಲ್ಲ, ನಾನು ಕೇಳಲಿಲ್ಲ. ಅರ್ಧ ಲೋಟ ಟೀ ಸಾಕು ಎನ್ನಲು ಶುರುಮಾಡಿದಿರಲ್ಲ, ತುಂಬಿದ ಲೋಟ ತುಳುಕುತ್ತದೆಂದು, ಅದು ನನಗೆ ಕಾಣುವುದಿಲ್ಲವೇ? ಅಂಗಿಯ ಗುಂಡಿ ಹಾಕಲು ಗೋಡೆಯ ಕಡೆ ತಿರುಗಿಕೊಂಡರೆ ಕಾಣುವುದಿಲ್ಲವೇ? ಜಗತ್ತಿನಲ್ಲಿ ಅಂಗಿ ಹಾಕಿಕೊಳ್ಳಲು ನಾಚುವ ಗಂಡಸು ನೀವೊಬ್ಬರೇ ಇರಬೇಕು. ಡಾಕ್ಟರಿಗೆ ತೋರಿಸಿದ್ದೀರೋ ಇಲ್ಲವೋ ಅದೂ ನನಗೆ ತಿಳಿಯದು. ಒಬ್ಬರೇ ಹೋಗಿ ಏನಾದರೂ ಕೇಳಿಸಿಕೊಂಡು ಬಂದಿದ್ದರೆ, ಅದನ್ನು ಅಕ್ಕನ ಮನೆಯ ಗೋಡೆಗೆ ಹೇಳಬೇಡಿ, ನನಗೆ ಹೇಳಿ.

ಹೆರೆಯುವುದು ನಾನು ಹೆರೆಯುತ್ತೇನೆ. ನನ್ನ ಸೊಂಟದಲ್ಲಿ ಇನ್ನೂ ಬಲವಿದೆ. ನೀವು ಸ್ಟೂಲ್ ಮೇಲೆ ಕೂತು ನೀಲಿ ನೋಡಿ ಎಲ್ಲಿ ಹೆರೆಯಬೇಕೆಂದು ಹೇಳಿದರೆ ಸಾಕು. ಬೈದರೂ ಸಾಕು. ಪಂಪಿನವರು ಕೇಳಿದರೆ ಜ್ವರ ಬಿಟ್ಟ ನಿಶ್ಶಕ್ತಿ ಅನ್ನೋಣ. ಪಟ್ಟಿಯನ್ನು ಮಾತ್ರ ಬೇರೆಯವರ ಕೈಯಲ್ಲಿ ಕಳಿಸಬೇಡಿ, ಬಸ್ಸಿನ ಮೇಲೆ ಎಸೆದಾರು. ನೀವೇ ಮಡಿಲಲ್ಲಿಟ್ಟುಕೊಂಡು ತನ್ನಿ. ವೆಲ್ಡರ್ ಅಣ್ಣ ನಾಳೆ ಆ ಕಡೆ ಬರುತ್ತಾನೆ, ಈ ಕಾಗದ ಅವನ ಕೈಯಲ್ಲೇ ಕೊಡುತ್ತೇನೆ. ಅವನ ಜೊತೆಗೇ ಹೊರಟುಬಿಡಿ. ಶನಿವಾರ, ಭಾನುವಾರ ಎರಡು ದಿನ ಇರುತ್ತದೆ. ಸಾಲದು, ಆದರೂ ಮಾಡೋಣ.

ಇನ್ನೂ ನಿಮ್ಮ ಮನೆಯಲ್ಲೇ ಇರುವ,
ನಿಮ್ಮನೆಯವಳು

ತಾ.ಕ.: ಕವರಿಗೆ ಅಂಟು ಹಚ್ಚುವಷ್ಟರಲ್ಲಿ ಲಾರಿ ಬಂತು. ಸೋಮವಾರ ಎಂದವರು ಇವತ್ತೇ ಬಂದರು, ಅವರಿಗೆ ಬೇರೆ ಕಡೆ ಒಂದು ಮಷೀನು ಸಿಕ್ಕಿತಂತೆ. ನೀವು ಪಟ್ಟಿ ತರುತ್ತಿದ್ದೀರಿ, ದಾರಿಯಲ್ಲಿದ್ದೀರಿ ಎಂದೆ. ಕಾಲು ಹಿಡಿಯುವುದೊಂದು ಬಾಕಿ ಉಳಿಯಿತು. ಟೇಬಲ್, ಸ್ಯಾಡಲ್ ಎಲ್ಲ ಬಿಚ್ಚಿದ್ದು ಬಿಚ್ಚಿದ ಹಾಗೆಯೇ ಹೇರಿಕೊಂಡು ಹೋದರು, ಗುಜರಿಯವನ ತಕ್ಕಡಿಗೆ. ಶೆಡ್ಡು ಖಾಲಿ. ಈ ಕಾಗದವನ್ನು ಹರಿದು ಹಾಕಲು ಹೋದೆ, ಕೈ ಬರಲಿಲ್ಲ. ಪಟ್ಟಿ ಬೇಡ ರೀ, ಅಲ್ಲೇ ಇರಲಿ. ನೀವು ಬರಿಗೈಯಲ್ಲಿ ಬಂದುಬಿಡಿ.