ತಗ್ಗಿಸಿದ ಕಾರಿಗೆ ಯೋಗ್ಯತೆ ಇಲ್ಲವೆಂದ ಅಧಿಕಾರಿಗಳಿಗೆ

ಮಾನ್ಯರೇ,

ನೆಲಕ್ಕೆ ಹತ್ತಿರವಾಗಿದೆ ಎಂಬ ಒಂದೇ ಕಾರಣಕ್ಕೆ ನೀವು ನನ್ನ ಅಣ್ಣ ಓಬಳಯ್ಯನ ಕಾರನ್ನು ಹಿಡಿದು ನಿಮ್ಮ ಸಾರಿಗೆ ಕಚೇರಿಯ ಆವರಣದಲ್ಲಿ ನಿಲ್ಲಿಸಿಕೊಂಡು ವರ್ಷ ದಾಟಿತು. ನಾನು ಕೊರಟಗೆರೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಕಲಿಸುವವನು. ನನ್ನ ಕನ್ನಡ ಎಂಟನೇ ತರಗತಿಯವರಿಗೂ ಅರ್ಥವಾಗುತ್ತದೆ. ನಿಮ್ಮ ಕಚೇರಿಗೆ ಬರೆದಾಗ ಮಾತ್ರ ಅದು ಯಾರಿಗೂ ಅರ್ಥವಾದಂತೆ ಕಾಣಲಿಲ್ಲ. ಹಾಗಾಗಿ ಇನ್ನು ಅರ್ಜಿ ಬರೆಯುವುದಿಲ್ಲ. ಊರಿನವರೆಲ್ಲ ಓದಲೆಂದು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಅವರಲ್ಲಿ ನೀವೂ ಒಬ್ಬರಾದರೆ ಸಂತೋಷ.

ಓಬಳಯ್ಯ ಪಾವಗಡದ ಕಡೆ ಸರ್ಕಾರಿ ಜೀಪು ಓಡಿಸುವ ಡ್ರೈವರ್. ಮನೆ ಮಧುಗಿರಿಯಲ್ಲಿ. ೧೯೮೧ರಲ್ಲಿ ಅವನು ಒಬ್ಬ ಎಣ್ಣೆ ಮಿಲ್ಲಿನ ಯಜಮಾನರಿಂದ ಹಳೆಯದೊಂದು ಇಂಗ್ಲಿಷ್ ಸ್ಪೋರ್ಟ್ಸ್ ಕಾರು ಕೊಂಡ. ಎರಡೇ ಸೀಟು, ಮಡಚುವ ಕ್ಯಾನ್ವಾಸ್ ಚಾವಣಿ, ಕಡಲೆಕಾಯಿ ಸಿಪ್ಪೆಯ ಮೂಟೆಗಳ ನಡುವೆ ವರ್ಷಗಟ್ಟಲೆ ಮಲಗಿದ್ದ ಗಾಡಿ. ನಮ್ಮ ಹಳ್ಳಿ ದಾರಿಗಳಲ್ಲಿ ಹೊಟ್ಟೆ ಉಜ್ಜುತ್ತದೆಂದು ಯಜಮಾನರು ಅದರ ಅಡಿಗೆ ಜೀಪಿನ ಸ್ಪ್ರಿಂಗು ಪಟ್ಟಿಗಳನ್ನೂ ಕಬ್ಬಿಣದ ದಿಮ್ಮಿಗಳನ್ನೂ ಕೊಟ್ಟು ಎತ್ತರ ಮಾಡಿಸಿದ್ದರು. ಆ ಎತ್ತರದ ಗಾಡಿಗೆ ಯೋಗ್ಯತಾ ಪತ್ರ ಕೊಟ್ಟದ್ದು ನಿಮ್ಮದೇ ಕಚೇರಿ. ಇದನ್ನು ದಯವಿಟ್ಟು ನೆನಪಿನಲ್ಲಿಡಿ.

ಡ್ರೈವರನಿಗೇಕೆ ಇಂಥ ಕಾರು ಎಂದು ನೀವು ಕೇಳಿದಿರಿ. ಮಿಲ್ಲಿನ ಯಜಮಾನರನ್ನು ಈ ಪ್ರಶ್ನೆ ಯಾರಾದರೂ ಕೇಳಿದ್ದರೋ ಇಲ್ಲವೋ ತಿಳಿಯದು. ಆದರೂ ಉತ್ತರ ಹೇಳುತ್ತೇನೆ. ಆಸೆ ಅಣ್ಣನದಲ್ಲ, ಅತ್ತಿಗೆ ಪಟಾಲಮ್ಮನದು. ಅವಳ ತವರು ನಿಡುಗಲ್ ಬೆಟ್ಟದ ಆಚೆಯ ಒಂದು ಹಳ್ಳಿ; ಹೆಸರು ಬೇಡ. ಅಲ್ಲಿ ನಡುಬೀದಿ ಬಂದೊಡನೆ ನಮ್ಮ ಜನ ಎತ್ತಿನಗಾಡಿಯಿಂದ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ಮದುವೆಯಾಗಿ ಹೊರಟ ದಿನವೂ ಅವಳು ಬಾಸಿಂಗ ಕಟ್ಟಿಕೊಂಡೇ ಆ ಬೀದಿಯನ್ನು ನಡೆದು ದಾಟಿದಳು. ಕಾನೂನಿನಲ್ಲಿ ಇದೆಲ್ಲ ಎಂದೋ ಮುಗಿದಿದೆ ಎನ್ನುತ್ತೀರಿ. ಹೌದು, ಕಾನೂನಿನಲ್ಲಿ ಮುಗಿದಿದೆ.

"ಒಂದ್ ಕಿತ ಕುಂತ್ಕಂಡೇ ನಮ್ಮವ್ವನ ಮನೆ ಬಾಗ್ಲಿಗೆ ಓಗ್ಬೇಕು ಕಣಯ್ಯ" ಎಂದಿದ್ದಳಂತೆ. ಅದಕ್ಕಾಗಿ ಬಂದ ಕಾರು ಅದು.

ಮೊದಲ ಪ್ರಯಾಣದಲ್ಲಿ ತವರು ತಲುಪಲಿಲ್ಲ. ಪಾವಗಡದ ರಸ್ತೆಯ ಒಂದು ತಿರುವಿನಲ್ಲಿ, ಎದುರಿಗೆ ಬಂದ ಬಸ್ಸಿಗೆ ದಾರಿ ಬಿಡಲು ಹೋಗಿ, ಕಾರು ಒಂದು ಕಡೆಗೆ ವಾಲಿತು; ಹಾಗೇ ಕಡಲೆಕಾಯಿ ಹೊಲದೊಳಗೆ ಮಗುಚಿಕೊಂಡಿತು. ವೇಗವೇನೂ ಇರಲಿಲ್ಲ. ತಗ್ಗಾಗಿ ಓಡಲೆಂದು ಮಾಡಿದ ಗಾಡಿಯನ್ನು ಏಣಿಯ ಮೇಲೆ ನಿಲ್ಲಿಸಿದರೆ ಅದು ಇನ್ನೇನು ಮಾಡೀತು? ಅಣ್ಣನಿಗೆ ತರಚು ಗಾಯ. ಅತ್ತಿಗೆಯ ಭುಜದ ಮೂಳೆ ಮುರಿಯಿತು. ಇವತ್ತಿಗೂ ಅವಳ ಬಲಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ತಲೆ ಬಾಚಲು ಮಗಳು ಬೇಕು. ನಿಮ್ಮ ಯೋಗ್ಯತಾ ಪತ್ರ ಮಾತ್ರ ಆ ಹೊಲದಲ್ಲಿ ಒಂದು ಗೀರೂ ಇಲ್ಲದೆ ಸಿಕ್ಕಿತು.

ಆಸ್ಪತ್ರೆಯಲ್ಲಿ ಅಣ್ಣ ಕಾರನ್ನು ಗುಜರಿಗೆ ಹಾಕುತ್ತೇನೆ ಎಂದು ಅತ್ತ. ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ ಅತ್ತಿಗೆ ಬೈದಳು: "ಯಾಕಂಗೆ ಅಳ್ತೀಯ? ಮಾರ್ಬ್ಯಾಡ, ಸರಿ ಮಾಡ್ಸು. ಸರಿ ಆದ್ ದಿನ ನಾನೇ ಮೊದ್ಲು ಕುಂತ್ಕತೀನಿ."

ಸರಿ ಮಾಡಲು ಒಪ್ಪಿದವರು ಸಿರಾದ ಲೇತ್ ಅಂಗಡಿಯ ದಸ್ತಗೀರ್ ಸಾಬರು. ಅಡಿಗೆ ತೂರಿ ನೋಡಿ ಎದ್ದು ಬಂದು, "ಅರೇ ಓಬಳಯ್ಯ, ಇದು ಜಮೀನ್‌ಗೆ ಅಂಟ್ಕೊಂಡು ಓಡೋ ಗಾಡಿ. ಯಾರೋ ಬೇವಕೂಫ್ ಇದನ್ನ ಒಂಟೆ ಮಾಡ್ಬುಟ್ಟವ್ನೆ" ಎಂದರು. ದಿಮ್ಮಿ ತೆಗೆದರು, ಜೀಪಿನ ಪಟ್ಟಿ ಬಿಚ್ಚಿದರು, ಮುಂದಿನ ಸ್ಪ್ರಿಂಗು ಕತ್ತರಿಸಿದರು. ಮೊದಲ ಸಲ ಅತಿಯಾಗಿ ತಗ್ಗಿಸಿಬಿಟ್ಟರು. ಬರಗೂರಿನ ಹತ್ತಿರ ಒಂದು ಮೋರಿ ದಾಟುವಾಗ ಸೈಲೆನ್ಸರ್ ಕಿತ್ತು ರಸ್ತೆಯಲ್ಲೇ ಉಳಿಯಿತು. ಅಣ್ಣ ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಬಸ್ಸಿನಲ್ಲಿ ಸಿರಾಕ್ಕೆ ವಾಪಸು ಹೋದ. ಇಬ್ಬರೂ ಜಗಳವಾಡಿದರು, ಟೀ ಕುಡಿದರು, ಮತ್ತೆ ಬಿಚ್ಚಿದರು. ಕೊನೆಗೊಂದು ದಿನ ಕಾರು ತನ್ನ ಹದಕ್ಕೆ ಬಂತು. ನಾನೂ ಅದರಲ್ಲಿ ಕೂತಿದ್ದೇನೆ ಸ್ವಾಮಿ. ಅದೇ ತಿರುವಿನಲ್ಲಿ ಅದು ಹಳಿಯ ಮೇಲಿನ ರೈಲಿನಂತೆ ಹೋಯಿತು. ನಾನು ಮಾತ್ರ ಕಣ್ಣು ಮುಚ್ಚಿಕೊಂಡಿದ್ದೆ.

೧೯೮೪ರ ಸಂಕ್ರಾಂತಿ ಕಳೆದ ಮೇಲೆ ಅಣ್ಣ ಅತ್ತಿಗೆ ತವರಿಗೆ ಹೋದರು. ನಡುಬೀದಿಯಲ್ಲಿ ಕಾರು ನಿಲ್ಲಲಿಲ್ಲ. ಜಗಲಿಯ ಮೇಲಿದ್ದವರು ಎದ್ದು ನಿಂತರು. ಗೌರವಕ್ಕಲ್ಲ ಎಂದು ಅತ್ತಿಗೆಗೆ ಗೊತ್ತಿತ್ತು. ಗಡಿಯ ಕಡೆಯ ಮುದುಕಿಯೊಬ್ಬಳು ಮಾತ್ರ ತೆಲುಗಿನಲ್ಲಿ, "ಇದೇಮಿ ಬಂಡಿ ತಲ್ಲೀ, ನೇಲನು ನಾಕುತಾ ಪೋತಾಂದಿ" ಎಂದು ನಕ್ಕಳು. ನೆಲ ನೆಕ್ಕಿಕೊಂಡು ಹೋಗುವ ಗಾಡಿ! ತಾಯಿ ಚಿಕ್ಕಹನುಮಕ್ಕ ಬಾಗಿಲಲ್ಲಿ ನಿಂತು, ಮಗಳು ಇಳಿಯುವವರೆಗೂ ಬಾಯಿಗೆ ಕೈ ಇಟ್ಟುಕೊಂಡಿದ್ದಳು. "ಇಳೀಬ್ಯಾಡ, ಇನ್ನೊಂದ್ ಚಣ ಅಂಗೇ ಕುಂತಿರು, ನೋಡ್ತೀನಿ" ಅಂದಳಂತೆ.

ಆಮೇಲಿನ ತಿಂಗಳೇ ನೀವು ಸಿರಾ ರಸ್ತೆಯಲ್ಲಿ ಕಾರನ್ನು ತಡೆದಿರಿ. ದೂರು ಬಂದಿದೆ ಎಂದಿರಿ. ಯಾರದು ಎಂದರೆ, ಸಾರ್ವಜನಿಕರದು ಎಂದಿರಿ. ಆ ಹೊತ್ತಿಗೆ ನಿಮ್ಮ ಪಕ್ಕದಲ್ಲೇ ಟಾಪಿನ ಮೇಲೆ ಜನ, ಏಣಿಗೆ ಜನ, ಬಾಗಿಲಿಗೆ ಜನ ತುಂಬಿದ ಬಸ್ಸೊಂದು ಹಾದುಹೋಯಿತು. ಕಂಡಕ್ಟರ್ ನಿಮಗೆ ನಮಸ್ಕಾರ ಮಾಡಿದ, ನೀವೂ ಮಾಡಿದಿರಿ. ಆ ಬಸ್ಸಿಗೆ ಎತ್ತರವಿತ್ತಲ್ಲ!

ಕಚೇರಿಗೆ ಕರೆಸಿ ಪರೀಕ್ಷೆ ಮಾಡಿದಿರಿ. ಅದನ್ನು ನಾನೂ ಕಂಡೆ. ಓಡಿಸಿ ನೋಡಲೆಂದು ನೀವೇ ಕಾರಿನಲ್ಲಿ ಕೂತಿರಿ. ಕೂರುವುದೇನೋ ಸುಲಭವಾಯಿತು. ಏಳಲು ಆಗಲಿಲ್ಲ. ಒಬ್ಬ ಗುಮಾಸ್ತರು ಕೈ ಹಿಡಿದರು, ಇನ್ನೊಬ್ಬರು ಕಂಕುಳಿಗೆ ಕೈ ಹಾಕಿದರು, ನಿಮ್ಮ ಚಪ್ಪಲಿ ಒಳಗೇ ಉಳಿಯಿತು. ಆಗ ಅತ್ತಿಗೆ ನಕ್ಕಳು. ಎಲ್ಲರೂ ನಕ್ಕರು, ಆದರೆ ನಿಮಗೆ ಕೇಳಿಸಿದ್ದು ಅವಳ ನಗು ಮಾತ್ರ.

"ಯಾಕಮ್ಮಾ ನಗ್ತೀಯ?" ಎಂದಿರಿ.

"ನಿಮ್ನ ನೋಡಿ ಅಲ್ಲ ಸಾಮಿ. ಮೊದ್ಲ ದಿನ ನಾನೂ ಇಂಗೇ ಸಿಗಾಕ್ಕಂಡಿದ್ದೆ. ಮೊದ್ಲು ಎರಡೂ ಕಾಲು ಆಚೆ ಇಕ್ಬೇಕು" ಎಂದು ಅವಳು ನಿಜವನ್ನೇ ಹೇಳಿದಳು.

ಕಾರು ಅಂದೇ ಜಪ್ತಿಯಾಯಿತು. ಅನಧಿಕೃತ ಮಾರ್ಪಾಡು ಎಂದಿರಿ. ದಾಖಲೆಯಲ್ಲಿರುವ ಎತ್ತರಕ್ಕೆ ತಂದರೆ ಬಿಡುತ್ತೇವೆ ಎಂದಿರಿ. ಅಂದರೆ ಅತ್ತಿಗೆಯ ಭುಜ ಮುರಿದ ಎತ್ತರಕ್ಕೆ! ಗಾಡಿಯನ್ನು ಅದು ಹುಟ್ಟಿದ ಎತ್ತರಕ್ಕೆ ಮರಳಿಸುವುದು ಮಾರ್ಪಾಡು, ಅದರ ಕಾಲಿಗೆ ಮರಗಾಲು ಕಟ್ಟುವುದು ಕ್ರಮಬದ್ಧ, ಇದು ಯಾವ ವ್ಯಾಕರಣ ಸ್ವಾಮಿ? ಸೋತಿದ್ದ ಅಣ್ಣ ಅದಕ್ಕೂ ಸಿದ್ಧನಾದ. ದಿಮ್ಮಿ ಮತ್ತೆ ಹಾಕಿಸಿ ಬಿಡಿಸಿಕೊಂಡು ಬಂದು, ಆಮೇಲೆ ನೋಡೋಣ ಎಂದ. ಅತ್ತಿಗೆ ಒಪ್ಪಲಿಲ್ಲ. "ಬೀಳೋ ಗಾಡಿ ತಂದು ಏನ್ ಮಾಡ್ತೀಯ? ಅಲ್ಲೇ ಇರ್ಲಿ ಬುಡು" ಎಂದಳು.

ಅಲ್ಲೇ ಇದೆ. ಹೊಂಗೆ ಮರದಡಿ ಚಾವಣಿ ಹರಿದಿದೆ, ಒಂದು ಹೆಡ್‌ಲೈಟನ್ನು ಯಾರೋ ಬಿಚ್ಚಿಕೊಂಡಿದ್ದಾರೆ, ಟೈರಿನ ಗಾಳಿ ಹೋಗಿ ಅದು ನಿಮ್ಮ ಆವರಣದಲ್ಲಿ ಇನ್ನಷ್ಟು ತಗ್ಗಾಗಿದೆ. ಅಣ್ಣ ಈಗ ಕಾರಿನ ಮಾತೆತ್ತಿದರೆ ಎದ್ದು ಹೋಗುತ್ತಾನೆ. ಅತ್ತಿಗೆ ಮಾತ್ರ ಸಂತೆಗೆ ಬಂದಾಗ ನಿಮ್ಮ ಕಚೇರಿಗೆ ಬರುತ್ತಾಳೆ. ಇದು ನಿಮಗೆ ಗೊತ್ತಿರಲಾರದು. ನೀವು ಊಟಕ್ಕೆ ಹೋದ ಹೊತ್ತಿನಲ್ಲಿ ನಿಮ್ಮ ಕಾವಲುಗಾರ ಗೇಟು ತೆರೆದು, "ಕುಂತ್ಕಳ್ಳವ್ವ, ಸಾಹೇಬ್ರು ಬರಾದು ವೊತ್ತಾಯ್ತದೆ" ಎನ್ನುತ್ತಾನೆ. ಅವಳು ಎಡಗೈಯಲ್ಲಿ ಎಲೆ ಗುಡಿಸಿ, ತನ್ನ ಸೀಟಿನಲ್ಲಿ ಕೂತು, ಬುತ್ತಿ ಬಿಚ್ಚಿ ಊಟ ಮಾಡಿ ಎದ್ದು ಹೋಗುತ್ತಾಳೆ.

ನನ್ನ ಬೇಡಿಕೆ ಹೆಚ್ಚಿನದಲ್ಲ. ಕಾರು ಇರುವ ಎತ್ತರದಲ್ಲೇ ಅದನ್ನು ಬಿಟ್ಟುಕೊಡಿ. ಇಲ್ಲವೇ, ಬಿಡುವುದಿಲ್ಲ ಎಂದು ಕಾರಣ ಸಹಿತ ಬರೆದು ನಿಮ್ಮ ಸಹಿ ಹಾಕಿ; ಕೋರ್ಟಿನ ಮೆಟ್ಟಿಲು ಹತ್ತುತ್ತೇವೆ. ಈ ಎರಡೂ ನಿಮ್ಮಿಂದ ಆಗದಿದ್ದರೆ, ಆ ಕಾವಲುಗಾರನನ್ನಾದರೂ ವರ್ಗ ಮಾಡಬೇಡಿ.

ಇಂತಿ,
ಉತ್ತರ ಬರುವುದೆಂಬ ಅಭ್ಯಾಸ ಇನ್ನೂ ಬಿಡದ,
ಚಿಕ್ಕನರಸಯ್ಯ
ಕೊರಟಗೆರೆ, ೧೯೮೫