ಅಕ್ಕನ ಬೀರುವಿನಲ್ಲಿರುವ ಕಾರ್ಡು

ಮಾರ್ಚ್ ೧೨, ಗುರುವಾರ

ಇವತ್ತು ದಿನವಿಡೀ ಖುಷಿಯಾಗಿದ್ದೆ. ಅದಕ್ಕೇ ಭಯ.

ಅಂಗಡಿಯಲ್ಲಿ ಕನ್ನಡಕಗಳನ್ನು ಒರೆಸುತ್ತಾ ಹಾಡು ಗುನುಗುತ್ತಿದ್ದೆನಂತೆ. "ಏನಮ್ಮಾ, ಲಾಟರಿ ಹೊಡೀತಾ?" ಎಂದರು ಯಜಮಾನರು. ಹಾಡನ್ನು ಅಲ್ಲಿಗೇ ನಿಲ್ಲಿಸಿದೆ. ಹೋದ ಸಲ ಈ ಕಾಯಿಲೆ ಕೆರಳಿದಾಗಲೂ ಹಾಡಿನಿಂದಲೇ ಶುರುವಾಗಿತ್ತು. ಒಂದೇ ವಾರದಲ್ಲಿ ಮೂರು ಹೊಲಿಗೆ ಯಂತ್ರ ಕೊಂಡೆ. ನನಗೋ ಗುಂಡಿ ಹೊಲಿಯಲೂ ಬರುವುದಿಲ್ಲ. ಆ ಖುಷಿ ಇಳಿದು ಹಾಸಿಗೆ ಹಿಡಿದ ಮೇಲೆ ಬ್ಯಾಂಕಿನ ಒಂದು ಕಾಗದವನ್ನೂ ಒಡೆದು ನೋಡಲಿಲ್ಲ. ಬಡ್ಡಿ ಬೆಳೆಯಿತು. ಅಂದಿನಿಂದ ಕ್ರೆಡಿಟ್ ಕಾರ್ಡು ಅಕ್ಕನ ಬೀರುವಿನಲ್ಲಿದೆ. ನನ್ನ ಸಂಬಳದಲ್ಲಿ ಕಂತು ಕಟ್ಟುವವಳೂ ಅವಳೇ.

ಅವಳಿಗೆ ಗೊತ್ತಿಲ್ಲದ್ದು ಒಂದೇ. ಕಾರ್ಡಿನ ಹದಿನಾರು ಅಂಕೆಗಳೂ, ಹಿಂಬದಿಯ ಮೂರೂ ನನಗೆ ಬಾಯಿಪಾಠ. ಹೇಳಿದರೆ ನಾಳೆಯೇ ಕಾರ್ಡು ರದ್ದು ಮಾಡಿಸುತ್ತಾಳೆ. ಅದೇ ಒಳ್ಳೆಯದು. ಆದರೂ ಬಾಯಿ ಬರುತ್ತಿಲ್ಲ.

ಈಗಷ್ಟೇ ಬಾಗಿಲಲ್ಲಿ ನಿಂತು ಕೇಳಿದಳು, "ಮಾತ್ರೆ ತಗೊಂಡ್ಯಾ? ನಿದ್ದೆ ಬರ್ತಿದೆ ತಾನೇ?"

"ಹೂಂ ಅಕ್ಕಾ, ಕಣ್ಣು ಎಳೀತಿದೆ."

ಕಣ್ಣು ಮುಚ್ಚದೆ ಇದು ಮೂರನೆಯ ರಾತ್ರಿ. ಒಂಚೂರೂ ಸುಸ್ತಿಲ್ಲ. ಮೂರು ಯಂತ್ರಗಳೂ ಮೂಲೆಯಲ್ಲಿ ಹಾಗೇ ಕೂತಿವೆ, ಪಾಪ, ದಾರವಿಲ್ಲದೆ. ದಾರಕ್ಕೆ ಏನು ಮಹಾ ಆಗುತ್ತದೆ? ಫೋನಿನಲ್ಲಿ ಸುಮ್ಮನೆ ಬೆಲೆ ನೋಡಿದರೆ…